ಆಪತ್ತಿಗಾದ ಹವ್ಯಾಸಕ್ಕೊಂದು ಅಂಚೆಚೀಟಿ

ಅಂಚೆಚೀಟಿಯ ಮೇಲೆ ಯಾರ ಚಿತ್ರ ಬರುತ್ತದೆ? ರಾಷ್ಟ್ರನಾಯಕರು, ಕವಿಗಳು, ವಿಜ್ಞಾನಿಗಳು, ಹಳೆಯ ದೇವಾಲಯಗಳು, ಹಕ್ಕಿಗಳು, ಹೂಗಳು, ಅಣೆಕಟ್ಟುಗಳು. ಇವೆಲ್ಲ ಸರಿಯೇ. ಆದರೆ ಬಿಡುವಿನ ವೇಳೆಯಲ್ಲಿ ಮನೆಯ ಮೂಲೆಕೋಣೆಯಲ್ಲಿ ಕುಳಿತು ತಂತಿ, ಸುರುಳಿ, ವಾಲ್ವುಗಳ ಜೊತೆ ಆಟವಾಡುವ ಜನ ‘ನಮ್ಮ ಹವ್ಯಾಸಕ್ಕೂ ಒಂದು ಅಂಚೆಚೀಟಿ ಹೊರಡಿಸಿ’ ಎಂದು ಸರ್ಕಾರವನ್ನು ಕೇಳಿದರೆ? ಯಾರಿಗಾದರೂ ನಗು ಬಂದೀತು. ಇಂದು ರೇಡಿಯೋದವರಿಗೆ ಕೊಟ್ಟರೆ ನಾಳೆ ಗಾಳಿಪಟದವರು ಕೇಳುತ್ತಾರೆ, ನಾಡಿದ್ದು ಪಗಡೆಯವರು.

ಅಮೆರಿಕದ ಹವ್ಯಾಸಿ ರೇಡಿಯೋದವರು ಹೀಗೆ ಕೇಳಿದರು, ಪಡೆದರು ಕೂಡ. 1964ರ ಡಿಸೆಂಬರ್ 15ರಂದು ಅಲ್ಲಿನ ಅಂಚೆ ಇಲಾಖೆ ನೇರಳೆ ಬಣ್ಣದ, 5 ಸೆಂಟ್ ಬೆಲೆಯ ಒಂದು ಸ್ಮಾರಕ ಅಂಚೆಚೀಟಿ ಹೊರಡಿಸಿತು. ಅದರ ಮೇಲೆ ಯಾವ ಮಹಾಪುರುಷನ ಮುಖವೂ ಇರಲಿಲ್ಲ. ರೇಡಿಯೋ ತರಂಗಗಳನ್ನು ಸೂಚಿಸುವ ರೇಖೆಗಳು, ಒಂದು ಡಯಲು, ‘ಹವ್ಯಾಸಿ ರೇಡಿಯೋ’ ಎಂಬರ್ಥದ ಎರಡು ಇಂಗ್ಲಿಷ್ ಪದಗಳು, ಅಷ್ಟೆ. ಐದು ಸೆಂಟ್ ಆಗ ಆ ದೇಶದಲ್ಲಿ ಒಂದು ಸಾಮಾನ್ಯ ಕಾಗದಕ್ಕೆ ತಗಲುತ್ತಿದ್ದ ಅಂಚೆ ವೆಚ್ಚ. ಎಂದರೆ ಈ ಚೀಟಿ ಸಂಗ್ರಾಹಕರ ಆಲ್ಬಮ್ಮಿಗಷ್ಟೇ ಅಲ್ಲ, ದೇಶದ ಪ್ರತಿಯೊಬ್ಬ ಅಂಚೆಯವನ ಚೀಲಕ್ಕೂ ಹೋಯಿತು.

ಸ್ವಾರಸ್ಯ ಇನ್ನೊಂದಿದೆ. ಈ ಚೀಟಿ ಮೊದಲು ಮಾರಾಟವಾದದ್ದು ರಾಜಧಾನಿ ವಾಷಿಂಗ್ಟನ್ನಿನಲ್ಲಿ ಅಲ್ಲ, ಹವ್ಯಾಸಿಗಳ ಸಂಘ ಹುಟ್ಟಿದ ಹಾರ್ಟ್‌ಫರ್ಡಿನಲ್ಲೂ ಅಲ್ಲ. ದೂರದ ಅಲಾಸ್ಕದ ಆಂಕರೇಜ್ ಎಂಬ ಊರಿನಲ್ಲಿ. ಡಿಸೆಂಬರಿನಲ್ಲಿ ಅಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ. ಅಂಥ ಚಳಿನಾಡಿನ ಊರಿನ ಠಸ್ಸೆಯೇ ಪ್ರಥಮ ದಿನದ ಲಕೋಟೆಯ ಮೇಲೆ ಏಕೆ ಬಿತ್ತು? ಈ ಪ್ರಶ್ನೆಗೆ ಉತ್ತರ ಸಿಕ್ಕರೆ, ಹವ್ಯಾಸಕ್ಕೆ ಅಂಚೆಚೀಟಿ ಕೇಳುವುದು ನಗೆಪಾಟಲಿನ ಸಂಗತಿಯೇ ಅಲ್ಲವೇ ಎಂಬುದೂ ತಿಳಿಯುತ್ತದೆ.

ಒಂದು ವಾಲ್ವಿನ ಕಥೆ

ಹವ್ಯಾಸಿ ರೇಡಿಯೋದವರಿಗೆ ಜಗತ್ತಿನಾದ್ಯಂತ ‘ಹ್ಯಾಮ್’ ಎಂಬ ಹೆಸರಿದೆ. ಇವರು ಆಕಾಶವಾಣಿಯಂತೆ ಹಾಡು, ಸುದ್ದಿ ಬಿತ್ತರಿಸುವವರಲ್ಲ. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು, ತಮ್ಮದೇ ಪ್ರೇಷಕ ಮತ್ತು ಗ್ರಾಹಕಗಳ ಮೂಲಕ ಒಬ್ಬರೊಡನೊಬ್ಬರು ಮಾತನಾಡುವವರು. ಪ್ರತಿಯೊಬ್ಬರಿಗೂ ವಾಹನದ ನಂಬರಿನಂತೆ ಒಂದು ಕರೆಸಂಕೇತ ಇರುತ್ತದೆ. ಈ ಕೆಲಸಕ್ಕೆ ಯಾರಿಂದಲೂ ಹಣ ಪಡೆಯುವಂತಿಲ್ಲ. ಪಡೆದರೆ ಪರವಾನಗಿಯ ನಿಯಮ ಮುರಿದಂತೆ. ‘ಹವ್ಯಾಸಿ’ ಎಂಬ ಪದ ಇಲ್ಲಿ ಬರಿಯ ವಿಶೇಷಣವಲ್ಲ, ಕಾನೂನಿನ ಷರತ್ತು.

ಅಮೆರಿಕದಲ್ಲಿ ಇವರ ಸಂಘಟನೆ ಹುಟ್ಟಿದ್ದು 1914ರಲ್ಲಿ. ಹಾರ್ಟ್‌ಫರ್ಡಿನ ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಬ ಎಂಜಿನಿಯರಿಗೆ ಒಂದು ರೇಡಿಯೋ ವಾಲ್ವು ಬೇಕಾಗಿತ್ತು. ಈತನ ತಂದೆ ಮ್ಯಾಕ್ಸಿಮ್ ಮೆಷಿನ್‌ಗನ್ನಿನ ಜನಕ. ಮಗ ಕಂಡುಹಿಡಿದದ್ದು ಬಂದೂಕಿನ ಸದ್ದಡಗಿಸುವ ಸಾಧನ! ವಾಲ್ವು ಸುಮಾರು 40 ಕಿಲೋಮೀಟರ್ ದೂರದ ಸ್ಪ್ರಿಂಗ್‌ಫೀಲ್ಡಿನ ಒಬ್ಬ ಹವ್ಯಾಸಿಯ ಬಳಿ ಇತ್ತು. ಮ್ಯಾಕ್ಸಿಮನ ಸಂಕೇತ ಅಲ್ಲಿಗೆ ತಲುಪಲಿಲ್ಲ. ನಡುದಾರಿಯ ವಿಂಡ್ಸರ್ ಲಾಕ್ಸ್ ಎಂಬ ಊರಿನ ಇನ್ನೊಬ್ಬ ಹವ್ಯಾಸಿ ಸಂದೇಶವನ್ನು ಕೇಳಿಸಿಕೊಂಡು ಮುಂದಕ್ಕೆ ದಾಟಿಸಿದ. ಮ್ಯಾಕ್ಸಿಮನಿಗೆ ಮಿಂಚು ಹೊಳೆದದ್ದು ಆಗಲೇ. ಒಬ್ಬನಿಂದ ಒಬ್ಬನಿಗೆ ದಾಟಿಸುತ್ತ ಹೋದರೆ ಇಡೀ ದೇಶವನ್ನೇ ಮುಟ್ಟಬಹುದಲ್ಲ! ಕ್ಲಾರೆನ್ಸ್ ಟಸ್ಕ ಎಂಬ ತರುಣನೊಡನೆ ಸೇರಿ ಆತ ಕಟ್ಟಿದ ಸಂಘವೇ ಅಮೆರಿಕನ್ ರೇಡಿಯೋ ರಿಲೇ ಲೀಗ್. ನಮ್ಮ ಹಿಂದಿನ ಕಾಲದ ಅಂಚೆ ಓಟಗಾರರು ಚೀಲವನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ ಊರಿಂದೂರಿಗೆ ಕಾಗದ ಮುಟ್ಟಿಸುತ್ತಿದ್ದರಲ್ಲ, ಇದು ಆಕಾಶಮಾರ್ಗದಲ್ಲಿ ಅದೇ ಪದ್ಧತಿ. 1964ರ ಅಂಚೆಚೀಟಿಗೆ ನೆಪವಾದದ್ದು ಈ ಲೀಗಿನ ಐವತ್ತನೆಯ ವರ್ಷ.

ಕಸವೆಂದು ಕೊಟ್ಟದ್ದು ರಸವಾಯಿತು

ಈ ಐವತ್ತು ವರ್ಷ ಸುಖವಾಗಿ ಕಳೆದದ್ದಲ್ಲ. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದಾಗ, ಹವ್ಯಾಸಿಗಳ ಗಲಾಟೆಯಿಂದ ಹಡಗಿನ ಸುದ್ದಿಗೆ ಅಡಚಣೆಯಾಯಿತೆಂಬ ದೂರು ಎದ್ದಿತು. ಅದೇ ವರ್ಷ ಬಂದ ರೇಡಿಯೋ ಕಾಯಿದೆ ಹವ್ಯಾಸಿಗಳನ್ನು 200 ಮೀಟರ್ ಮತ್ತು ಅದಕ್ಕೂ ಕಿರಿದಾದ ತರಂಗಾಂತರಗಳಿಗೆ ತಳ್ಳಿತು. ಉದ್ದದ ಅಲೆಗಳು ದೂರ ಹೋಗುತ್ತವೆ, ಗಿಡ್ಡ ಅಲೆಗಳು ಯಾವ ಕೆಲಸಕ್ಕೂ ಬಾರವು ಎಂಬುದು ಆ ಕಾಲದ ಪಂಡಿತರ ನಂಬಿಕೆ. ಮಕ್ಕಳಿಗೆ ಹಿತ್ತಿಲ ಮೂಲೆ ತೋರಿಸಿ ‘ಅಲ್ಲಿ ಆಡಿಕೊಳ್ಳಿ’ ಎಂದಂತೆ.

200 ಮೀಟರ್ ಅಂದರೆ ಎಷ್ಟು? ರೇಡಿಯೋ ತರಂಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್, ಅಂದರೆ 30 ಕೋಟಿ ಮೀಟರ್ ಸಾಗುತ್ತದೆ. ಇದನ್ನು 200ರಿಂದ ಭಾಗಿಸಿದರೆ 15 ಲಕ್ಷ. ಸೆಕೆಂಡಿಗೆ 15 ಲಕ್ಷ ಕಂಪನಗಳು. ತರಂಗಾಂತರ ಗಿಡ್ಡವಾದಷ್ಟೂ ಕಂಪನಗಳ ಸಂಖ್ಯೆ ಹೆಚ್ಚು. ಹವ್ಯಾಸಿಗಳು ಈ ಹಿತ್ತಿಲಲ್ಲೇ ಅಗೆಯತೊಡಗಿದರು. 1921ರ ಡಿಸೆಂಬರ್‌ನಲ್ಲಿ ಪಾಲ್ ಗಾಡ್ಲಿ ಎಂಬ ಅಮೆರಿಕದ ಹವ್ಯಾಸಿ ಸ್ಕಾಟ್ಲೆಂಡಿನ ಆರ್ಡ್ರಾಸನ್ ಎಂಬಲ್ಲಿ ಸಮುದ್ರದಂಡೆಯ ಹತ್ತಿರ ಡೇರೆ ಹಾಕಿ, ಉದ್ದನೆಯ ತಂತಿ ಎಳೆದು, ಅಟ್ಲಾಂಟಿಕದ ಆಚೆಯ ತನ್ನ ದೇಶದ ಹವ್ಯಾಸಿ ನಿಲಯಗಳ ಸಂಕೇತಗಳನ್ನು ಕೇಳಿಸಿಕೊಂಡ. 1923ರ ನವೆಂಬರ್‌ನಲ್ಲಿ ಅಮೆರಿಕದ ಫ್ರೆಡ್ ಷ್ನೆಲ್, ಜಾನ್ ರೈನಾರ್ಟ್ಜ್ ಮತ್ತು ಫ್ರಾನ್ಸಿನ ಲೆಯಾನ್ ದೆಲ್ವಾ ಸುಮಾರು 100 ಮೀಟರ್ ಅಲೆಗಳಲ್ಲಿ ಮಹಾಸಾಗರದ ಎರಡೂ ದಡಗಳಿಂದ ಪರಸ್ಪರ ಸಂಭಾಷಿಸಿದರು.

ಇದು ಹೇಗೆ ಸಾಧ್ಯವಾಯಿತು? ಭೂಮಿಯ ಮೇಲೆ ಸುಮಾರು 60 ಕಿಲೋಮೀಟರಿನಿಂದ ಕೆಲವು ನೂರು ಕಿಲೋಮೀಟರ್ ಎತ್ತರದವರೆಗೆ ಸೂರ್ಯನ ಅತಿನೇರಳೆ ಕಿರಣಗಳು ಗಾಳಿಯ ಕಣಗಳಿಂದ ಇಲೆಕ್ಟ್ರಾನುಗಳನ್ನು ಬಿಡಿಸುತ್ತಿರುತ್ತವೆ. ಇದೇ ಅಯಾನುಗೋಳ. ಓರೆಯಾಗಿ ಮೇಲೇರಿದ ಹ್ರಸ್ವ ತರಂಗವನ್ನು ಈ ಪದರ ಬಾಗಿಸಿ ಮತ್ತೆ ನೆಲದ ಕಡೆಗೆ ಕಳುಹಿಸುತ್ತದೆ. ನೆಲಕ್ಕೆ ಬಿದ್ದ ಅಲೆ ಚೆಂಡಿನಂತೆ ಮತ್ತೆ ಪುಟಿಯುತ್ತದೆ. ಹೀಗೆ ಎರಡು ಮೂರು ನೆಗೆತಗಳಲ್ಲಿ ಸಮುದ್ರಲಂಘನ! ‘ಯಾವ ಕೆಲಸಕ್ಕೂ ಬಾರದ’ ಅಲೆಗಳೇ ಮುಂದೆ ದೇಶದೇಶಗಳ ಪ್ರಸಾರಕ್ಕೆ, ಹಡಗು–ವಿಮಾನಗಳ ಸಂಪರ್ಕಕ್ಕೆ ಆಧಾರವಾದವು. ಬೆಲೆ ತಿಳಿದ ಕೂಡಲೇ ದೊಡ್ಡವರೆಲ್ಲ ಹಿತ್ತಿಲಿಗೆ ಬೇಲಿ ಹಾಕಲು ಬಂದರು.

ಇಲ್ಲಿಯೇ ಇರುವುದು ನಿಜವಾದ ಸಂಕಟ. ಹೊಲ ಇದ್ದವನ ಬಳಿ ಪಹಣಿ ಇರುತ್ತದೆ. ತರಂಗಗಳಿಗೆ ಪಹಣಿ ಇಲ್ಲ. ಅವು ಸಾರ್ವಜನಿಕ ಸ್ವತ್ತು. ಸರ್ಕಾರ ಕೊಟ್ಟಷ್ಟು ದಿನ ಹವ್ಯಾಸಿಗೆ ಜಾಗ. 1917ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿದಾಗ ಹವ್ಯಾಸಿಗಳೆಲ್ಲ ತಮ್ಮ ನಿಲಯ ಮುಚ್ಚಿ ತಂತಿ ಕೆಳಗಿಳಿಸಬೇಕಾಯಿತು. ಯುದ್ಧ ಮುಗಿದ ಮೇಲೆ ರೇಡಿಯೋ ಪೂರ್ತಿಯಾಗಿ ನೌಕಾಪಡೆಯ ಹಿಡಿತದಲ್ಲೇ ಉಳಿಯಲೆಂಬ ಮಸೂದೆ ಬಂತು. ಅದು ಕಾಯಿದೆಯಾಗಿದ್ದರೆ ಈ ಹವ್ಯಾಸದ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮ್ಯಾಕ್ಸಿಮ್ ಸಂಸತ್ತಿನ ಸಮಿತಿಯ ಮುಂದೆ ವಾದಿಸಿದ. ಹವ್ಯಾಸಿಗಳು ತಮ್ಮ ತಮ್ಮ ಪ್ರತಿನಿಧಿಗಳಿಗೆ ಪತ್ರ ಬರೆದರು. ಮಸೂದೆ ಬಿದ್ದುಹೋಯಿತು, 1919ರಲ್ಲಿ ನಿಷೇಧ ತೆರವಾಯಿತು. ರೇಡಿಯೋ ಹವ್ಯಾಸವನ್ನು ಅಂದು ಉಳಿಸಿದ್ದರಲ್ಲಿ ಅಂಚೆಯಲ್ಲಿ ಹೋದ ಕಾಗದಗಳ ಪಾಲು ದೊಡ್ಡದು!

ಚೀಟಿ ಏಕೆ ಬೇಕಿತ್ತು?

ಹ್ಯಾಮ್‌ಗಳಿಗೂ ಅಂಚೆಗೂ ಹಳೆಯ ನಂಟು. ದೂರದ ನಿಲಯದೊಡನೆ ಮಾತನಾಡಿದ ಮೇಲೆ ‘ಹೌದು, ಇಂಥ ದಿನ, ಇಂಥ ಹೊತ್ತಿಗೆ, ಇಂಥ ಕಂಪನಾಂಕದಲ್ಲಿ ನಿಮ್ಮ ದನಿ ಕೇಳಿದೆವು’ ಎಂದು ಪರಸ್ಪರ ಕಾರ್ಡು ಕಳಿಸುವುದು ಅವರ ಪದ್ಧತಿ. ಇದಕ್ಕೆ ಕ್ಯೂಎಸ್ಎಲ್ ಕಾರ್ಡು ಎನ್ನುತ್ತಾರೆ. ಮಾತು ಬೆಳಕಿನ ವೇಗದಲ್ಲಿ ಹೋದರೂ ಅದಕ್ಕೆ ರಸೀತಿ ಬರುತ್ತಿದ್ದದ್ದು ಅಂಚೆಯಣ್ಣನ ಸೈಕಲ್ಲಿನ ವೇಗದಲ್ಲಿ! ಇಂದು ಈ ದೃಢೀಕರಣ ಕಂಪ್ಯೂಟರಿನಲ್ಲಿಯೂ ಆಗುತ್ತದೆ. ಆದರೂ ಗೋಡೆಯ ತುಂಬ ಕಾರ್ಡು ಅಂಟಿಸಿಕೊಳ್ಳುವ ಖುಷಿಯನ್ನು ಹಳಬರು ಬಿಟ್ಟಿಲ್ಲ.

ಆದ್ದರಿಂದ ಅಂಚೆಚೀಟಿಯ ಬೇಡಿಕೆ ಬರಿಯ ಶೋಕಿಯಾಗಿರಲಿಲ್ಲ. ಅಂಚೆಚೀಟಿ ಹೊರಡಿಸುವ ಹಕ್ಕಿರುವುದು ಸರ್ಕಾರಕ್ಕೆ. ಸಂಘದವರು ತಾವೇ ಒಂದು ಪದಕ ಮಾಡಿಸಿಕೊಳ್ಳಬಹುದು, ಸ್ಮರಣ ಸಂಚಿಕೆ ತರಬಹುದು, ಹಾರ ತುರಾಯಿ ಹಾಕಿಸಿಕೊಳ್ಳಬಹುದು. ಅದೆಲ್ಲ ತಮ್ಮ ಬೆನ್ನು ತಾವೇ ತಟ್ಟಿಕೊಂಡಂತೆ. ತರಂಗಗಳ ಮೇಲೆ ಹಕ್ಕುಪತ್ರವಿಲ್ಲದ ಜನರಿಗೆ ‘ಇವರ ಕೆಲಸ ನಾಡಿಗೆ ಬೇಕಾದದ್ದು’ ಎಂದು ಸರ್ಕಾರವೇ ಅಚ್ಚು ಹಾಕಿಸಿ ಮನೆಮನೆಗೆ ಹಂಚುವ ಕಾಗದದ ಬೆಲೆ ಐದು ಸೆಂಟಿಗಿಂತ ಬಹಳ ಹೆಚ್ಚು.

ಹಾಗೆಂದು ಕೇಳಿದವರಿಗೆಲ್ಲ ಕೊಡಲಾಗುವುದಿಲ್ಲ. ಬರುವ ಸಲಹೆಗಳನ್ನು ಜಾಲಿಸಲೆಂದೇ ಅಮೆರಿಕದಲ್ಲಿ 1957ರಲ್ಲಿ ನಾಗರಿಕರ ಸಲಹಾ ಸಮಿತಿಯೊಂದು ರಚನೆಯಾಗಿತ್ತು. ಅದು ಇಂದಿಗೂ ಇದೆ. ವರ್ಷವೂ ಸಾವಿರಾರು ಸಲಹೆಗಳು ಬರುತ್ತವೆ, ದಡ ಮುಟ್ಟುವವು ಬೆರಳೆಣಿಕೆಯಷ್ಟು. ಇಂಥ ಜರಡಿಯ ಮುಂದೆ ‘ನಮಗೆ ಇದು ತುಂಬ ಇಷ್ಟ’ ಎಂಬ ವಾದ ನಿಲ್ಲುವುದಿಲ್ಲ. ಎಲ್ಲರಿಗೂ ಅವರವರ ಹವ್ಯಾಸ ಇಷ್ಟವೇ. ‘ನಿಮ್ಮ ಆಟದಿಂದ ಆಟವಾಡದವನಿಗೆ ಏನು ಸಿಕ್ಕಿತು?’ ಎಂಬ ಪ್ರಶ್ನೆಗೆ ಉತ್ತರ ಬೇಕು.

ನಾಲ್ಕೂವರೆ ನಿಮಿಷ

ಉತ್ತರ ಅದೇ ವರ್ಷ, ಯಾರೂ ಬಯಸದ ರೂಪದಲ್ಲಿ ಬಂತು. 1964ರ ಮಾರ್ಚ್ 27, ಶುಭ ಶುಕ್ರವಾರ. ಸಂಜೆ 5 ಗಂಟೆ 36 ನಿಮಿಷಕ್ಕೆ ಅಲಾಸ್ಕ ನಡುಗಿತು. ಭೂಕಂಪದ ಪ್ರಮಾಣ 9.2. ಉತ್ತರ ಅಮೆರಿಕದಲ್ಲಿ ಅಳತೆಗೆ ಸಿಕ್ಕ ಭೂಕಂಪಗಳಲ್ಲಿ ಇದೇ ಅತಿ ದೊಡ್ಡದು. ನಡುಕ ಸುಮಾರು ನಾಲ್ಕೂವರೆ ನಿಮಿಷ ನಡೆಯಿತು. ಆಂಕರೇಜಿನ ಪೇಟೆಬೀದಿ ಕುಸಿಯಿತು, ವಿಮಾನ ನಿಲ್ದಾಣದ ನಿಯಂತ್ರಣ ಗೋಪುರ ಉರುಳಿತು, ಟರ್ನಗೇನ್ ಎಂಬ ಬಡಾವಣೆಯ ಮನೆಗಳು ನೆಲದ ಸಮೇತ ಸಮುದ್ರದ ಕಡೆ ಜಾರಿದವು. ಹಿಂದೆಯೇ ಎದ್ದ ಸುನಾಮಿ ಅಲೆಗಳು ಸಾವಿರಾರು ಕಿಲೋಮೀಟರ್ ದೂರದ ಕ್ಯಾಲಿಫೋರ್ನಿಯದವರೆಗೂ ಹೋಗಿ ಜೀವ ತೆಗೆದವು. ಒಟ್ಟು ಸತ್ತವರು ಸುಮಾರು 130 ಮಂದಿ.

ದೂರವಾಣಿ, ವಿದ್ಯುತ್ ತಂತಿಗಳು ಹರಿದು ಬಿದ್ದವು. ಉಳಿದ ದೇಶದಲ್ಲಿದ್ದ ಬಂಧುಗಳಿಗೆ ‘ಬದುಕಿದ್ದಾರೋ ಇಲ್ಲವೋ’ ಎಂಬುದೊಂದೇ ಪ್ರಶ್ನೆ. ಅಂಥ ಹೊತ್ತಿನಲ್ಲಿ ಬ್ಯಾಟರಿ, ಸಣ್ಣ ಜನರೇಟರು, ಕಾರಿನೊಳಗಿನ ರೇಡಿಯೋ ಹೀಗೆ ಕೈಗೆ ಸಿಕ್ಕಿದ್ದನ್ನು ಹೂಡಿಕೊಂಡು ಕೂತವರು ಹ್ಯಾಮ್‌ಗಳು. ಯಾವ ಊರಿಗೆ ಏನು ಬೇಕು, ಯಾರು ಕ್ಷೇಮ, ಯಾರು ಆಸ್ಪತ್ರೆಯಲ್ಲಿ ಎಂಬ ಸುದ್ದಿಗಳು ಒಬ್ಬರಿಂದೊಬ್ಬರಿಗೆ ದಾಟುತ್ತ ದಕ್ಷಿಣದ ರಾಜ್ಯಗಳನ್ನು ಮುಟ್ಟಿದವು. ಒಂದು ವಾಲ್ವಿಗಾಗಿ ಮ್ಯಾಕ್ಸಿಮ್ ಕಟ್ಟಿದ ದಾಟಿಸುವ ಪದ್ಧತಿ ಐವತ್ತು ವರ್ಷಗಳ ಮೇಲೆ ತಾಯಿಗೆ ಮಗನ ಸುದ್ದಿ ತಲುಪಿಸಿತು. ಸಂದೇಶವೊಂದಕ್ಕೆ ಇಷ್ಟು ಎಂದು ಯಾರೂ ಕೈ ಚಾಚಲಿಲ್ಲ, ಚಾಚುವಂತೆಯೂ ಇರಲಿಲ್ಲ.

ಆಪತ್ತಿಗಾದವನೇ ನೆಂಟ ಎನ್ನುತ್ತೇವೆ. ಆ ನೆಂಟಸ್ತಿಕೆಯ ನೆನಪಿಗಾಗಿಯೇ ಡಿಸೆಂಬರ್ 15ರಂದು ಚೀಟಿಯ ಬಿಡುಗಡೆಗೆ ಆಂಕರೇಜನ್ನು ಆರಿಸಿದ್ದು. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ಚೀಟಿಯ ಮೇಲೆ ಲೀಗಿನ ಹೆಸರಾಗಲಿ, ಮ್ಯಾಕ್ಸಿಮನ ಹೆಸರಾಗಲಿ ಇಲ್ಲ. ಹವ್ಯಾಸದ ಹೆಸರಷ್ಟೇ ಇದೆ. ಸಂಘದ ಐವತ್ತನೆಯ ವರ್ಷದ ನೆಪದಲ್ಲಿ ಬಂದ ಗೌರವ ಸಂಘಕ್ಕೆ ಸೇರಿದವರು, ಸೇರದವರು ಎಲ್ಲ ಹವ್ಯಾಸಿಗಳಿಗೂ ಸಂದಿತು. ಆಗ ಆ ದೇಶದಲ್ಲಿ ಪರವಾನಗಿ ಪಡೆದ ಹ್ಯಾಮ್‌ಗಳೇ ಎರಡೂವರೆ ಲಕ್ಷದಷ್ಟಿದ್ದರು.

ನಮ್ಮ ಕಡೆಯ ಕಥೆ

ಇದು ಅಮೆರಿಕದ್ದು, ನಮಗೇನು ಎನ್ನಬೇಡಿ. ಇಂಥದೇ ಒಂದು ಡಿಸೆಂಬರ್ ನಮ್ಮ ಪಾಲಿಗೂ ಬಂದಿತ್ತು. ಅಂಚೆಚೀಟಿ ಸಂಗ್ರಾಹಕರಿಗೆ ಅಪರೂಪದ ದೇಶದ ಚೀಟಿ ಹೇಗೋ, ಹ್ಯಾಮ್‌ಗಳಿಗೆ ಅಪರೂಪದ ಜಾಗದ ಸಂಪರ್ಕ ಹಾಗೆ. ಬಹುಕಾಲ ಹವ್ಯಾಸಿ ನಿಲಯಗಳಿಗೆ ಅನುಮತಿ ಇಲ್ಲದಿದ್ದ ಅಂಡಮಾನ್ ಅಂಥ ಜಾಗ. 2004ರ ಡಿಸೆಂಬರ್‌ನಲ್ಲಿ ಅನುಮತಿ ದೊರೆತು, ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರಿನಲ್ಲಿ ನಿಲಯ ಹೂಡಿತ್ತು. ಜಗತ್ತಿನ ಹ್ಯಾಮ್‌ಗಳು ಆ ಕರೆಸಂಕೇತ ಹಿಡಿಯಲು ರಾತ್ರಿಯೆಲ್ಲ ಕಾಯುತ್ತಿದ್ದರು. ಪೂರ್ತಿ ಆಟವೇ.

ಡಿಸೆಂಬರ್ 26ರ ಬೆಳಗ್ಗೆ ನೆಲ ನಡುಗಿತು, ಸುನಾಮಿ ಬಂತು. ದೂರವಾಣಿ ಸತ್ತಿತು. ಆಟಕ್ಕೆಂದು ಹೂಡಿದ್ದ ನಿಲಯ ಆ ಕ್ಷಣದಿಂದ ದ್ವೀಪಕ್ಕೂ ಮುಖ್ಯ ಭೂಮಿಗೂ ನಡುವಿನ ಸೇತುವೆಯಾಯಿತು. ಸಿಕ್ಕಿಬಿದ್ದವರ ಕ್ಷೇಮ ಸಮಾಚಾರ ಈ ಮೂಲಕ ಮನೆಗಳಿಗೆ ತಲುಪಿತು. ಆಂಕರೇಜಿನಲ್ಲಿ ನಡೆದದ್ದೇ ನಲವತ್ತು ವರ್ಷಗಳ ಮೇಲೆ ಬಂಗಾಳ ಕೊಲ್ಲಿಯಲ್ಲಿ ಮರುಕಳಿಸಿತ್ತು.

ಇದಾದ ಕೆಲವೇ ತಿಂಗಳಿಗೆ, 2005ರ ಮೇ 5ರಂದು, ಶ್ರೀಹರಿಕೋಟದಿಂದ ಪಿಎಸ್ಎಲ್‌ವಿ–ಸಿ6 ರಾಕೆಟ್ಟು ಕಾರ್ಟೊಸ್ಯಾಟ್–1ರ ಜೊತೆಗೆ 42.5 ಕಿಲೋಗ್ರಾಂ ತೂಕದ ಪುಟ್ಟ ಉಪಗ್ರಹವೊಂದನ್ನು ಕೊಂಡೊಯ್ದಿತು. ಅದೇ ಹ್ಯಾಮ್‌ಸ್ಯಾಟ್. ಹ್ಯಾಮ್‌ಗಳಿಗಾಗಿಯೇ ಇಸ್ರೊ ಬೆಂಗಳೂರಿನ ತನ್ನ ಉಪಗ್ರಹ ಕೇಂದ್ರದಲ್ಲಿ ನಿರ್ಮಿಸಿದ್ದು. ಅದರೊಳಗಿನ ಎರಡು ಮರುಪ್ರೇಷಕಗಳಲ್ಲಿ ಒಂದು ಭಾರತದ್ದು, ಇನ್ನೊಂದನ್ನು ಕಟ್ಟಿಕೊಟ್ಟವನು ನೆದರ್ಲೆಂಡ್ಸಿನ ಒಬ್ಬ ವಿದ್ಯಾರ್ಥಿ ಹ್ಯಾಮ್. 2014ರ ಜುಲೈನಲ್ಲಿ ಬ್ಯಾಟರಿ ಕೈಕೊಡುವವರೆಗೆ, ಒಂಬತ್ತು ವರ್ಷಗಳಿಗೂ ಮಿಕ್ಕಿ, ಅದು ಜಗತ್ತಿನ ಹ್ಯಾಮ್‌ಗಳ ದನಿಯನ್ನು ದಾಟಿಸಿತು. ಮ್ಯಾಕ್ಸಿಮನ ರಿಲೇ ಬಾಹ್ಯಾಕಾಶ ಮುಟ್ಟಿತ್ತು, ಅದರಲ್ಲಿ ಕನ್ನಡನಾಡಿನ ಕಾರ್ಯಾಗಾರದ ಪಾಲೂ ಇತ್ತು.

ನಮ್ಮಲ್ಲಿಯೂ ಸ್ಮಾರಕ ಚೀಟಿಗೆ ಯಾರು ಬೇಕಾದರೂ ಸಲಹೆ ಕಳಿಸಬಹುದು. ಅಂಚೆ ಇಲಾಖೆಗೆ ನಿಗದಿತ ರೀತಿಯಲ್ಲಿ, ಸಾಕಷ್ಟು ಮುಂಚಿತವಾಗಿ ಬರೆಯಬೇಕು. ಅಂಚೆಚೀಟಿ ಸಲಹಾ ಸಮಿತಿ ಪರಿಶೀಲಿಸುತ್ತದೆ. ಕೊನೆಯ ಒಪ್ಪಿಗೆ ಸರ್ಕಾರದ್ದು. ಇದರ ಜೊತೆಗೆ 2011ರಲ್ಲಿ ‘ಮೈ ಸ್ಟ್ಯಾಂಪ್’ ಎಂಬ ಯೋಜನೆಯೂ ಬಂದಿದೆ. ಹಣ ಕಟ್ಟಿದರೆ ನಮ್ಮ ಭಾವಚಿತ್ರವನ್ನೇ ಅಂಚೆಚೀಟಿಯ ಜೊತೆ ಅಚ್ಚು ಹಾಕಿಸಿಕೊಳ್ಳಬಹುದು. ಮದುವೆಗೆ, ಷಷ್ಟ್ಯಬ್ದಿಗೆ ಅದು ಚೆಂದವೇ. ಆದರೆ ದುಡ್ಡು ಕೊಟ್ಟು ಮಾಡಿಸಿಕೊಂಡ ಚೀಟಿಗೂ, ಊರವರು ಒಪ್ಪಿ ಕೊಟ್ಟ ಚೀಟಿಗೂ ಇರುವ ವ್ಯತ್ಯಾಸ ಬಾಡಿಗೆ ಜಯಕಾರಕ್ಕೂ ನಿಜವಾದ ಚಪ್ಪಾಳೆಗೂ ಇರುವಷ್ಟೇ.

ಆದ್ದರಿಂದ ಯಾವ ಹವ್ಯಾಸದವರೇ ಆಗಲಿ, ಹಕ್ಕಿ ನೋಡುವವರು, ಚಾರಣಿಗರು, ಗುಹೆ ಹೊಕ್ಕುವವರು, ನಕ್ಷತ್ರ ಎಣಿಸುವವರು, ಅಂಚೆಚೀಟಿ ಕೇಳಲು ಹೊರಟರೆ ನಾಚಿಕೊಳ್ಳಬೇಕಾದ್ದಿಲ್ಲ. ಅರ್ಜಿಯಲ್ಲಿ ತಮ್ಮ ಸಂತೋಷವನ್ನು ಒಂದು ಸಾಲಿನಲ್ಲಿ ಬರೆದು, ಇತರರಿಗೆ ಆದ ಉಪಯೋಗವನ್ನು ಪುಟ ತುಂಬ ಬರೆಯುವಂತಿದ್ದರೆ ಸಾಕು. ಪುಟ ತುಂಬದಿದ್ದರೆ ಅರ್ಜಿ ಸ್ವಲ್ಪ ಕಾಯಲಿ. ಮೊದಲು ಕೆಲಸ ನಡೆಯಲಿ.